ಮನೋರೋಗ ವಾರ್ಡಿನಲ್ಲಿ ಸಾವು ಯಾವುದರಿಂದ?

ಪ್ರಶ್ನೆ: ಚಿಕ್ಕಪ್ಪನನ್ನು ಶಿವಾಜಿನಗರದ ಆಸ್ಪತ್ರೆಯೊಂದರ ಮನೋರೋಗ ವಾರ್ಡಿಗೆ ಸೇರಿಸಬೇಕಾಗಿದೆ. ಅಲ್ಲಿ ರೋಗಿಗಳು ಸಾಯುವುದು ಯಾವುದರಿಂದ? (ಹಲಸೂರಿನ ಓದುಗರು)

ಉತ್ತರ: ಮನೆಯವರಿಗೆ ಮೊದಲು ಹೆದರಿಕೆಯಾಗುವುದು ಆತ್ಮಹತ್ಯೆಯದ್ದು. ಆ ಅಪಾಯ ನಿಜ, ಅದಕ್ಕೇ ಅಲ್ಲಿ ಸದಾ ನಿಗಾ. ಆದರೆ ಹೆಚ್ಚಿನ ಜೀವಗಳು ಹೋಗುವುದು ಹೃದ್ರೋಗ, ನ್ಯುಮೋನಿಯಾದಂಥ ಮೈಯ ಕಾಯಿಲೆಗಳಿಂದ. ಕೆಟಟೋನಿಯಾದಲ್ಲಿ ರೋಗಿ ದಿನಗಟ್ಟಲೆ ಕೊರಡಿನಂತೆ ಮಲಗಿರಬಹುದು. ಆಗ ಕಾಲಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ನಿಮಿಷಗಳಲ್ಲೇ ಸಾವು. ಕೆಲವು ಔಷಧಿಗಳಿಂದ ನುಂಗುವುದು ಕಷ್ಟವಾಗಿ ತುತ್ತು ಗಂಟಲಲ್ಲಿ ಸಿಕ್ಕುವುದುಂಟು. ಕ್ಲೋಜಪಿನ್ ಮಾತ್ರೆಯವರಿಗೆ ಮಲಬದ್ಧತೆಯೂ ಪ್ರಾಣಾಪಾಯ ತರಬಲ್ಲದು. ಡಾಕ್ಟರಿಗೆ ಹೇಳಲು ನಾಚಬೇಡಿ.

ಹಿಂದಿನ ಕಾಲದ ಹುಚ್ಚಾಸ್ಪತ್ರೆಗಳಲ್ಲಿ ಆಮಶಂಕೆ, ಕ್ಷಯ, ಮಿದುಳಿಗೇರಿದ ಸಿಫಿಲಿಸ್ ಬಹಳ ಜನರನ್ನು ಕೊಂಡೊಯ್ಯುತ್ತಿದ್ದವು. 2001ರಲ್ಲಿ ತಮಿಳುನಾಡಿನ ಏರ್ವಾಡಿಯ ಮನೋರೋಗಿಗಳ ಆಶ್ರಯಕ್ಕೆ ಬೆಂಕಿ ಬಿದ್ದಾಗ ಸತ್ತ 28 ಮಂದಿಯನ್ನು ಕೊಂದದ್ದು ಕಾಯಿಲೆಯಲ್ಲ, ಕಾಲಿನ ಸರಪಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ.

ಚಿಕ್ಕಪ್ಪನವರ ಸಕ್ಕರೆ ಕಾಯಿಲೆ, ಬಿಪಿ, ಹಳೆಯ ಮಾತ್ರೆಗಳನ್ನೆಲ್ಲ ಸೇರಿಸುವ ದಿನವೇ ಹೇಳಿ. ಅವರು ಎದೆನೋವು ಅಂದರೆ ಭ್ರಮೆಯೆಂದು ತಳ್ಳಿಹಾಕದೆ ಇಸಿಜಿ ಮಾಡಿಸಲು ಕೇಳಿ. ಮಧ್ಯರಾತ್ರಿ ದಿಕ್ಕು ತೋಚದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.