ಕೂಲಿಯ ಮದ್ಯ ಮತ್ತು ಗರ್ಭಸ್ಥ ಶಿಶು: ಪಶ್ಚಿಮ ಕೇಪಿನ ‘ಡಾಪ್’ ಪದ್ಧತಿ

ಬಸುರಿಯ ಆಹಾರಪಾನೀಯಗಳ ಬಗೆಗಿನ ವಿಧಿನಿಷೇಧಗಳು ಹಲವು ಜನಸಮುದಾಯಗಳ ಪರಂಪರೆಯಲ್ಲಿವೆ. ಬೈಬಲಿನ ‘ನ್ಯಾಯಸ್ಥಾಪಕರು’ ಗ್ರಂಥದಲ್ಲಿ ಸಂಸೋನನನ್ನು ಹೆರಲಿರುವ ತಾಯಿಗೆ ದೇವದೂತನು ಮದ್ಯಪಾನ ಕೂಡದೆಂದು ವಿಧಿಸುತ್ತಾನೆ. ಅದು ವ್ರತದ ನಿಯಮ. ವೈದ್ಯಕೀಯ ವಿವರಣೆ ಬಹುಕಾಲದ ನಂತರ ದೊರೆಯಿತು. 1968ರಲ್ಲಿ ಫ್ರಾನ್ಸಿನ ಪಾಲ್ ಲೆಮ್ವಾನ್ ಮತ್ತು ಸಂಗಡಿಗರು ಮದ್ಯವ್ಯಸನಿ ತಂದೆತಾಯಿಯರ 127 ಮಕ್ಕಳನ್ನು ಕುರಿತು ಬರೆದರು. 1973ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಈ ಸ್ಥಿತಿಗೆ ‘ಭ್ರೂಣ ಮದ್ಯ ಲಕ್ಷಣಕೂಟ’ ಎಂಬರ್ಥದ ಹೆಸರನ್ನಿತ್ತರು.

ತಾಯಿ ಕುಡಿದ ಮದ್ಯವು ಮಾಸುವಿನ ಮೂಲಕ ಶಿಶುವಿನ ರಕ್ತವನ್ನು ಸೇರುತ್ತದೆ. ಅದನ್ನು ಕರಗಿಸುವ ಶಕ್ತಿ ಬೆಳೆಯುತ್ತಿರುವ ಯಕೃತ್ತಿಗೆ ಸಾಲದು. ಮಿದುಳಿನ ಜೀವಕೋಶಗಳು ಸಾಯುತ್ತವೆ, ಇಲ್ಲವೆ ತಮ್ಮ ನೆಲೆಯನ್ನು ತಪ್ಪುತ್ತವೆ. ಕಿರಿದಾದ ಕಣ್ಣಿನ ಸೀಳು, ತೆಳುವಾದ ಮೇಲ್ದುಟಿ, ಕುಂಠಿತ ಬೆಳವಣಿಗೆ ಹೊರಗೆ ಕಾಣುವ ಗುರುತುಗಳು. ಮರೆವು, ಲೆಕ್ಕದಲ್ಲಿ ತೊಡಕು, ಚಂಚಲತೆ, ಪರಿಣಾಮವನ್ನು ಎಣಿಸದ ದುಡುಕು ಇವು ಒಳಗಿನವು. ಮುಖಲಕ್ಷಣಗಳಿಲ್ಲದ ಮಕ್ಕಳಲ್ಲಿಯೂ ಇವು ಇರಬಹುದಾದ್ದರಿಂದ ಶಾಲೆಯಲ್ಲಿ ಅಂಥವರು ಸೋಮಾರಿ, ಹಟಮಾರಿ ಎನಿಸಿಕೊಳ್ಳುವುದುಂಟು.

ಇದನ್ನು ತಾಯಿಯೊಬ್ಬಳ ದೋಷವೆಂದು ಎಣಿಸುವುದು ಎಷ್ಟು ಅಪೂರ್ಣವೆಂಬುದನ್ನು ದಕ್ಷಿಣ ಆಫ್ರಿಕದ ಪಶ್ಚಿಮ ಕೇಪ್ ಪ್ರಾಂತ್ಯ ತೋರಿಸುತ್ತದೆ. ಡಚ್ಚರ ವಸಾಹತು ಕಾಲದಿಂದ ಅಲ್ಲಿನ ದ್ರಾಕ್ಷಿತೋಟಗಳ ಒಡೆಯರು ಕೂಲಿಯ ಒಂದು ಭಾಗವನ್ನು ಮದ್ಯವಾಗಿಯೇ ಕೊಡುತ್ತಿದ್ದರು. ಆಫ್ರಿಕಾನ್ಸ್ ಭಾಷೆಯಲ್ಲಿ ಗುಟುಕು ಮದ್ಯವನ್ನು ಸೂಚಿಸುವ ‘ಡಾಪ್’ ಎಂಬ ಪದವೇ ಪದ್ಧತಿಯ ಹೆಸರಾಯಿತು. ದಿನದಲ್ಲಿ ಹಲವು ಸಲ ಹಂಚುತ್ತಿದ್ದ ಈ ಮದ್ಯ ಆಳುಗಳನ್ನು ತೋಟಕ್ಕೆ ಕಟ್ಟಿಹಾಕಿತು. 1960ರ ದಶಕದಲ್ಲಿ ಕಾನೂನು ಇದನ್ನು ನಿಷೇಧಿಸಿದರೂ 1990ರ ದಶಕದವರೆಗೆ ಕೆಲವೆಡೆ ಉಳಿದಿತ್ತು. ಕೊಡುವ ಕೈ ನಿಂತಮೇಲೂ ವಾರಾಂತ್ಯದ ಅತಿಪಾನ ಅಭ್ಯಾಸವಾಗಿ ಉಳಿಯಿತು. 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ಅಲ್ಲಿನ ಒಂದು ಸಮುದಾಯದ ಒಂದನೆಯ ತರಗತಿಯ ವಯೋಮಾನದ ಪ್ರತಿ 1000 ಮಕ್ಕಳಲ್ಲಿ 40ಕ್ಕೂ ಹೆಚ್ಚು ಮಂದಿಯಲ್ಲಿ ಈ ಲಕ್ಷಣಕೂಟವನ್ನು ಗುರುತಿಸಿತು. ಬಡತನ ಮತ್ತು ಅಪೌಷ್ಟಿಕತೆ ಹಾನಿಯನ್ನು ಹೆಚ್ಚಿಸಿದ್ದವು.

ಆದ್ದರಿಂದ ಇಲ್ಲಿ ‘ಜನರ ರೂಢಿ’ ಎಂದು ಕಾಣುವುದು ಜನರೇ ಕಟ್ಟಿಕೊಂಡ ಆಚರಣೆಯಲ್ಲ. ಅವರ ಮೇಲೆ ಹೇರಿದ ವೇತನವ್ಯವಸ್ಥೆಯ ಉಳಿಕೆ. ರೂಢಿಯನ್ನು ದಾಖಲಿಸುವ ಜಾನಪದ ವಿದ್ವಾಂಸನು ಅದರಿಂದ ಲಾಭ ಪಡೆದವರನ್ನೂ ಗುರುತಿಸಬೇಕಾಗುತ್ತದೆ. ಗರ್ಭಿಣಿಗೆ ಸುರಕ್ಷಿತವಾದ ಮದ್ಯದ ಪ್ರಮಾಣ ಯಾವುದೂ ತಿಳಿದಿಲ್ಲ. ಆದ ಹಾನಿ ಜೀವನಪರ್ಯಂತದ್ದು. ಆದರೆ ಬೇಗನೆ ಗುರುತಿಸಿ ಆಸರೆ ನೀಡಿದರೆ ಮಗುವಿನ ಬಾಳು ಹಸನಾಗಬಲ್ಲದು. ಎಚ್ಚರಿಕೆಯ ಮಾತು ತಾಯಿಯನ್ನು ಹಳಿಯದೆ ಅವಳನ್ನು ತಲುಪಿದಾಗ ಮಾತ್ರ ಇದು ಸಾಧ್ಯ.