ಪಾರ್ಸೆಲ್ ತಿಂಡಿಗೊಂದು ಪಾಸ್‌ಬುಕ್

ಮಕ್ಕಳೇ, ಮೊದಲು ಒಂದು ಬಾಯಿಲೆಕ್ಕ. ನಾಲ್ಕು ಜನರಿರುವ ಮನೆಗೆ ಭಾನುವಾರ ಬೆಳಿಗ್ಗೆ ಹೋಟೆಲಿನಿಂದ ತಿಂಡಿ ಬರುತ್ತದೆ. ಎರಡು ಮಸಾಲೆದೋಸೆ, ಒಂದು ಪ್ಲೇಟ್ ಇಡ್ಲಿ-ವಡೆ, ಒಂದು ಚೌಚೌಬಾತ್. ತಿಂದು ಮುಗಿಸಿದ ಮೇಲೆ ಮೇಜಿನ ಮೇಲೆ ಏನೇನು ಉಳಿಯುತ್ತದೆ? ತಿಂಡಿಯ ಡಬ್ಬಿ 4, ಚಟ್ನಿಯ ಪುಟ್ಟ ಬಟ್ಟಲು 4, ಸಾಂಬಾರಿನವು 3, ಚಮಚ 4, ಕೈ ಒರೆಸುವ ಕಾಗದ 4, ಎಲ್ಲವನ್ನೂ ತುಂಬಿ ತಂದ ಚೀಲ 1. ಕೂಡಿದರೆ 20. ಮುಚ್ಚಳಗಳನ್ನು ನಾನು ಬೇರೆಯಾಗಿ ಎಣಿಸಿಲ್ಲ.

ವಾರಕ್ಕೆ ಒಂದೇ ಸಲ ತರಿಸಿದರೂ ವರ್ಷದ 52 ವಾರಕ್ಕೆ 1,040 ಆಯಿತು. ಇಂಥ 30 ಮನೆಗಳಿರುವ ಬೀದಿಗೆ 31,200. ದೋಸೆ ತಿನ್ನಲು ಹತ್ತು ನಿಮಿಷ ಸಾಕು. ಅದು ಬಂದ ಪ್ಲಾಸ್ಟಿಕ್ ಡಬ್ಬಿ ಮಾತ್ರ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಮಣ್ಣಾಗುವುದಿಲ್ಲ.

ನಾನು ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಸಂಜೆ ಲೆಕ್ಕ ತಾಳೆಯಾಗದೆ ಮನೆಗೆ ಹೊರಡುವಂತಿರಲಿಲ್ಲ. ಐದು ರೂಪಾಯಿ ಕಡಿಮೆ ಬಂದರೂ ಅದು ಎಲ್ಲಿ ಹೋಯಿತೆಂದು ಹುಡುಕಲೇಬೇಕು. ಹಾಗಾಗಿ ಈ 20 ಸಾಮಾನು ಎಲ್ಲಿ ಹೋಯಿತೆಂದು ಕೇಳುವುದು ನನಗೆ ಅಭ್ಯಾಸಬಲ.

ಎಸೆದದ್ದು ಎಲ್ಲಿಗೆ?

‘ಎಸೆದುಬಿಡು’ ಅನ್ನುತ್ತೇವೆ. ನಮ್ಮ ಮನೆಯಿಂದ ಆಚೆ ಹೋದದ್ದು ಇನ್ನೊಬ್ಬರ ಮನೆಯ ಹತ್ತಿರ ಹೋಗಿ ಬೀಳುತ್ತದೆ, ಅಷ್ಟೇ. ಬೆಂಗಳೂರಿನ ಕಸ ವರ್ಷಗಟ್ಟಲೆ ಮಾವಳ್ಳಿಪುರ, ಮಂಡೂರು ಎಂಬ ಹಳ್ಳಿಗಳ ಪಕ್ಕ ಬಿತ್ತು. ನಾತ, ನೊಣ, ಕೆಟ್ಟ ನೀರು ಎಲ್ಲವನ್ನೂ ಅನುಭವಿಸಿದವರು ಆ ಊರಿನವರು. 2014ರಲ್ಲಿ ಮಂಡೂರಿನ ಜನ ರಸ್ತೆಗಿಳಿದು ಕಸದ ಲಾರಿಗಳನ್ನು ತಡೆದರು. ಆ ದೋಸೆಯ ರುಚಿಯನ್ನೂ ನೋಡದವರು ಡಬ್ಬಿಯ ನಾತ ಯಾಕೆ ಕುಡಿಯಬೇಕು?

ನಾನಿರುವ ಮೈಸೂರು 2015 ಮತ್ತು 2016ರಲ್ಲಿ ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ಆ ಹೆಸರಿನ ಹಿಂದೆ ದಿನ ಬೆಳಗಾದರೆ ಮನೆಮನೆಯ ಕಸವನ್ನು ಕೈಯಾರೆ ಬೇರ್ಪಡಿಸುವವರಿದ್ದಾರೆ. ನಮ್ಮ ಬೀದಿಗೆ ಬರುವ ಕಸದ ಗಾಡಿಯ ಹೆಣ್ಣುಮಗಳನ್ನು ಒಂದು ದಿನ ನಿಲ್ಲಿಸಿ ಕೇಳಿದೆ, ‘ಯಾವ ಕಸ ಕಷ್ಟನಮ್ಮಾ?’ ಎಂದು. ಆಕೆ ಯೋಚಿಸಲೇ ಇಲ್ಲ.

‘ಹೋಟ್ಲು ಡಬ್ಬಿ ತಾತ. ಒಳಗೆ ಸಾಂಬಾರು ಹಂಗೇ ಇರ್ತದೆ. ಸೋರಿ ರಟ್ಟು, ಪೇಪರ್ರು ಎಲ್ಲಾ ಹಾಳಾಯ್ತದೆ. ಆಮೇಲೆ ಅಂಗಡಿಯೋರು ತಕ್ಕೊಳ್ಳಲ್ಲ.’

ನೋಡಿ, ಒಂದು ತೊಳೆಯದ ಬಟ್ಟಲು ತಾನು ಕೆಡುವುದಲ್ಲದೆ, ಮಾರಾಟವಾಗಬೇಕಿದ್ದ ರಟ್ಟು, ಕಾಗದವನ್ನೂ ಕೆಡಿಸುತ್ತದೆ. ನಮಗೆ ಒಂದು ಲೋಟ ನೀರಿನ ಕೆಲಸ. ಆಕೆಗೆ ಅದು ದಿನದ ಸಂಪಾದನೆ.

ಡಬ್ಬಿಯ ಬೆನ್ನು ಓದಿ

ಮುಂದಿನ ಸಲ ಪಾರ್ಸೆಲ್ ಡಬ್ಬಿ ಬಂದಾಗ ತೊಳೆದು ಬೋರಲು ಹಾಕಿ. ಅಡಿಯಲ್ಲಿ ಪುಟ್ಟ ತ್ರಿಕೋನ, ಅದರೊಳಗೆ ಒಂದು ಅಂಕಿ ಇರುತ್ತದೆ. 1 ಎಂದರೆ ನೀರಿನ ಬಾಟಲಿಯ ಜಾತಿ. 5 ಎಂದರೆ ಪಾಲಿಪ್ರೊಪಿಲೀನ್, ಬಿಸಿ ಊಟದ ಡಬ್ಬಿಗಳು ಹೆಚ್ಚಾಗಿ ಇದರವು. 6 ಎಂದರೆ ಪಾಲಿಸ್ಟೈರೀನ್, ಥರ್ಮೋಕೋಲ್ ಇದೇ ಕುಲದ್ದು. ಅಂಕಿ ಇದ್ದ ಮಾತ್ರಕ್ಕೆ ಅದು ಮರುಬಳಕೆಯಾಗುತ್ತದೆ ಎಂದಲ್ಲ. ಅದು ಜಾತಿಯ ಗುರುತು ಮಾತ್ರ.

ಕರ್ನಾಟಕ ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾಗಳಿಗೆ ನಿಷೇಧ ಬಂತು. ಆದರೆ ದೇಶದ ಆ ಪಟ್ಟಿಯಲ್ಲಿ ಮುಚ್ಚಳವಿರುವ ಊಟದ ಡಬ್ಬಿ ಇಲ್ಲ. ಕಾನೂನು ಅಲ್ಲಿಯವರೆಗೆ ಬಂದು ನಿಂತಿದೆ. ಮುಂದಿನ ಹೆಜ್ಜೆ ನಮ್ಮದು.

‘ಕಾಗದದ ಲೋಟ ಆಗಬಹುದಲ್ಲಾ’ ಎನ್ನುವಿರಾ? ಅದರೊಳಗೆ ಬೆರಳಾಡಿಸಿ, ನುಣುಪಾಗಿರುತ್ತದೆ. ಕಾಫಿ ಸೋರದಿರಲೆಂದು ಹಚ್ಚಿರುವ ಪ್ಲಾಸ್ಟಿಕ್ ಪದರ ಅದು. ಖರಗ್‌ಪುರದ ಐಐಟಿಯವರು 2020ರಲ್ಲಿ ಪರೀಕ್ಷಿಸಿದಾಗ, ಇಂಥ ಲೋಟದಲ್ಲಿ 100 ಮಿಲಿಲೀಟರ್ ಬಿಸಿನೀರು 15 ನಿಮಿಷ ಇದ್ದರೆ ಸುಮಾರು 25,000 ಪ್ಲಾಸ್ಟಿಕ್ ಸೂಕ್ಷ್ಮ ಕಣಗಳು ಅದಕ್ಕೆ ಸೇರುವುದು ಕಂಡುಬಂತು.

20ರಿಂದ 7ಕ್ಕೆ

ಈಗ ಕಳೆಯುವ ಲೆಕ್ಕ. ತಿಂಡಿಯನ್ನು ಮನೆಗೇ ತರಿಸುತ್ತೀರಿ ಎಂದಿಟ್ಟುಕೊಳ್ಳೋಣ. ಮೊಬೈಲಿನಲ್ಲಿ ಆರ್ಡರ್ ಮಾಡುವಾಗ ಚಮಚ, ಟಿಶ್ಯೂ ಬೇಡ ಎಂದು ಗುರುತು ಹಾಕಿ. ಮನೆಯಲ್ಲಿ ಚಮಚವಿಲ್ಲವೇ? 8 ಕಳೆಯಿತು, ಉಳಿದದ್ದು 12. ಹೋಟೆಲಿಗೆ ಫೋನ್ ಮಾಡಿ ‘ಚಟ್ನಿಯೆಲ್ಲ ಒಂದೇ ಡಬ್ಬಿಗೆ, ಸಾಂಬಾರೆಲ್ಲ ಇನ್ನೊಂದಕ್ಕೆ ಹಾಕಿಬಿಡಿ’ ಎನ್ನಿ. ಇನ್ನೂ 5 ಕಳೆಯಿತು, ಉಳಿದದ್ದು 7. ನಿಮ್ಮ ದೋಸೆಯಲ್ಲಿ ಒಂದು ಚೂರೂ ಕಡಿಮೆಯಾಗಲಿಲ್ಲ! ವಾರಕ್ಕೆ 13 ಉಳಿದರೆ ವರ್ಷಕ್ಕೆ 676.

ಹೋಟೆಲು ನಡೆದು ಹೋಗುವಷ್ಟು ದೂರದಲ್ಲಿದ್ದರೆ ಇನ್ನೂ ಸುಲಭ. ಅಟ್ಟದ ಮೇಲೆ ಕುಳಿತಿರುವ ಟಿಫಿನ್ ಕ್ಯಾರಿಯರ್ ಇಳಿಸಿ. ಒಂದು ಬಟ್ಟೆ ಚೀಲ ಹಿಡಿಯಿರಿ. 7 ಹೋಗಿ ಸೊನ್ನೆ ಬರುತ್ತದೆ.

ನಾನೂ ನನ್ನ ಮೊಮ್ಮಗಳೂ ಹಾಗೆ ಹೋದಾಗ ಗಲ್ಲಾದಲ್ಲಿದ್ದವರು ತಲೆಯಾಡಿಸಿದರು. ‘ಪಾತ್ರೆ ತಂದ್ರೆ ಅಳತೆ ಗೊತ್ತಾಗಲ್ಲ ಸಾರ್. ರಶ್ ಬೇರೆ.’ ಅವರ ಮಾತಿನಲ್ಲಿ ನ್ಯಾಯವಿತ್ತು. ಪಾರ್ಸೆಲ್ ಬಟ್ಟಲೇ ಅವರಿಗೆ ಅಳತೆ. ಆರನೇ ಕ್ಲಾಸಿನ ಮೊಮ್ಮಗಳು ಮನೆಗೆ ಬಂದು, ಹಳೆಯ ಪಾರ್ಸೆಲ್ ಬಟ್ಟಲಿನಲ್ಲಿ ನೀರು ಅಳೆದು ಡಬ್ಬಿಗಳಿಗೆ ಸುರಿದಳು. ಪ್ರತಿ ಮುಚ್ಚಳದ ಮೇಲೆ ‘3 ಬಟ್ಟಲು’, ‘4 ಬಟ್ಟಲು’ ಎಂದು ಚೀಟಿ ಅಂಟಿಸಿದಳು. ಮುಂದಿನ ವಾರ ಜನಸಂದಣಿ ಇಲ್ಲದ ಏಳು ಗಂಟೆಗೇ ಹೋದೆವು. ಗಲ್ಲಾದವರು ಚೀಟಿ ಓದಿ ನಕ್ಕು, ‘ಒಳಗೆ ಕೊಡು ಪುಟ್ಟಿ’ ಎಂದರು. ಹೀಗೆ ಹೋಗುವವರು ಡಬ್ಬಿಯನ್ನು ಚೆನ್ನಾಗಿ ತೊಳೆದು, ಒರೆಸಿ ಒಯ್ಯಬೇಕು. ಬಿಲ್ ಮಾಡಿಸುವ ಮೊದಲೇ ಹೇಳಬೇಕು.

ಠೇವಣಿಯ ಉಪಾಯ

ಅಜ್ಜ-ಅಜ್ಜಿಯರೇ, ಗೋಲಿ ಸೋಡಾ ನೆನಪಿದೆಯೇ? ಕುಡಿದು ಬಾಟಲಿ ಅಲ್ಲೇ ಕೊಡಬೇಕು. ಮನೆಗೆ ಒಯ್ದರೆ ಬಾಟಲಿಯ ದುಡ್ಡು ಇಟ್ಟು ಹೋಗಬೇಕು, ವಾಪಸು ತಂದರೆ ದುಡ್ಡು ವಾಪಸು. ಅದೇ ಠೇವಣಿ. ಜರ್ಮನಿಯಲ್ಲಿ 2023ರ ಜನವರಿ 1ರಿಂದ ದೊಡ್ಡ ಹೋಟೆಲುಗಳು ಪಾರ್ಸೆಲ್ ಕೊಡುವಾಗ ಬಳಸಿ ಹಿಂದಿರುಗಿಸುವಂಥ ಡಬ್ಬಿಯನ್ನೂ ಇಟ್ಟಿರಬೇಕೆಂಬ ಕಾನೂನಿದೆ. ಅದರಲ್ಲಿ ಕೊಟ್ಟ ಊಟಕ್ಕೆ ಬೆಲೆ ಹೆಚ್ಚು ಹಾಕುವಂತಿಲ್ಲ, ಠೇವಣಿ ಪಡೆಯಬಹುದು. ಸಣ್ಣ ಅಂಗಡಿಯವರು ಗಿರಾಕಿ ತಂದ ಪಾತ್ರೆಗೆ ಹಾಕಿಕೊಟ್ಟರೂ ಸಾಕು.

ನಮ್ಮಲ್ಲೂ ಇದು ಹೊಸತಲ್ಲ. ಮುಂಬಯಿಯ ಡಬ್ಬಾವಾಲಾಗಳು ಸುಮಾರು 1890ರಿಂದ ಊಟದ ಡಬ್ಬಿ ತಲುಪಿಸಿ, ಖಾಲಿ ಡಬ್ಬಿಯನ್ನು ಅದೇ ದಿನ ಮನೆಗೆ ಮುಟ್ಟಿಸುತ್ತಿದ್ದಾರೆ. ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆ ಸಮಾರಂಭಗಳಿಗೆ ಸ್ಟೀಲ್ ತಟ್ಟೆ, ಲೋಟ ಕೊಡುವ ‘ಪ್ಲೇಟ್ ಬ್ಯಾಂಕ್’ ನಡೆಸುತ್ತಿದೆ. ಬ್ಯಾಂಕ್ ಎಂಬ ಮಾತಿಗೆ ಇಷ್ಟು ಒಳ್ಳೆಯ ಅರ್ಥ ನನ್ನ ಸರ್ವಿಸಿನಲ್ಲಿ ನಾನು ಕಂಡಿರಲಿಲ್ಲ. ನಿಮ್ಮ ಬೀದಿಯ ಹತ್ತು ಮನೆ ಸೇರಿದರೂ ಇಂಥದ್ದೊಂದು ಚಿಕ್ಕ ಬ್ಯಾಂಕ್ ಆದೀತು. ಹುಟ್ಟುಹಬ್ಬಕ್ಕೆ, ಗಣೇಶನ ಹಬ್ಬಕ್ಕೆ ತಟ್ಟೆ ಸಾಲ ಕೊಡಿ. ಬಡ್ಡಿ ಬೇಡ, ತೊಳೆದು ತಂದರೆ ಸಾಕು. ಜನ ಹೆಚ್ಚಾದರೆ ಬಾಳೆ ಎಲೆ, ಮುತ್ತುಗದ ಎಲೆ, ಅಡಿಕೆ ಹಾಳೆಯ ತಟ್ಟೆ ಇದ್ದೇ ಇವೆ. ಅವು ಗೊಬ್ಬರವಾಗಿ ಮಣ್ಣಿಗೆ ಜಮಾ ಆಗುತ್ತವೆ.

ಇನ್ನು ನಿಮ್ಮ ಕೆಲಸ. ಹಳೆಯ ನೋಟ್‌ಬುಕ್ಕಿನಲ್ಲಿ ಮೂರು ಕಲಂ ಗೀಚಿ. ಮೊದಲನೆಯದರಲ್ಲಿ ತಾರೀಖು, ಎರಡನೆಯದರಲ್ಲಿ ಮನೆಗೆ ಬಂದ ಡಬ್ಬಿ-ಚೀಲ-ಚಮಚ, ಮೂರನೆಯದರಲ್ಲಿ ‘ಬೇಡ’ ಎಂದು ಉಳಿಸಿದ್ದು. ತಿಂಗಳ ಕೊನೆಯ ದಿನ ಅಜ್ಜನೋ ಅಜ್ಜಿಯೋ ಕೂಡಿ ನೋಡಿ ರುಜು ಹಾಕಲಿ. ಮೂರನೆಯ ಕಲಂ ಎರಡನೆಯದಕ್ಕಿಂತ ದೊಡ್ಡದಾದ ತಿಂಗಳು ಮನೆಮಂದಿಯೆಲ್ಲ ಹೋಟೆಲಿಗೇ ಹೋಗಿ, ಕುರ್ಚಿಯಲ್ಲಿ ಕೂತು, ಸ್ಟೀಲ್ ತಟ್ಟೆಯಲ್ಲಿ ಬಿಸಿಬಿಸಿ ದೋಸೆ ತಿನ್ನಿ. ಪಾರ್ಸೆಲ್ ದೋಸೆಗೆ ಆ ಗರಿಗರಿ ಎಲ್ಲಿಂದ ಬರಬೇಕು?