ನಿಮಗಿದು ಗೊತ್ತೆ? ಬೆರಳಿಗೆ ತಿಳಿಯುವ ಅಂಚೆ

ದೆಹಲಿಯ ಮುಖರ್ಜಿ ನಗರದ ಕೋಚಿಂಗ್ ಬೀದಿಗಳಲ್ಲಿ ನುಣುಪು ಕರಪತ್ರಗಳಿಗೆ ಬರವಿಲ್ಲ. ಕೈಗೆ ಬಂದದ್ದು ಮರುಗಳಿಗೆಯಲ್ಲೇ ಮರೆತುಹೋಗುತ್ತದೆ. ಅದೇ ದೆಹಲಿಯಲ್ಲಿ 2011ರ ಫೆಬ್ರವರಿಯಲ್ಲಿ, ಇಂಡಿಪೆಕ್ಸ್ ಅಂಚೆಚೀಟಿ ಪ್ರದರ್ಶನದ ವೇಳೆ, ಅಂಚೆ ಇಲಾಖೆ ಖಾದಿ ಬಟ್ಟೆಯ ಮೇಲೆಯೇ ಮುದ್ರಿಸಿದ ಗಾಂಧೀಜಿಯ ಅಂಚೆಚೀಟಿ ಹೊರತಂದಿತು. ಮುಖಬೆಲೆ 100 ರೂಪಾಯಿ, ಮಾರಿದ್ದು 250ಕ್ಕೆ. ಚಿತ್ರ ನೋಡುವ ಮೊದಲೇ ನೂಲಿನ ಎಳೆ ಬೆರಳಿಗೆ ತಗುಲಿ ಚರಕ ನೆನಪಾಗುತ್ತದೆ! ಭೂತಾನವಂತೂ 1969ರಲ್ಲೇ ಉಕ್ಕಿನ ತೆಳು ತಗಡಿನ ಚೀಟಿ ತಂದಿತ್ತು. ಅಂಚೆಯಲ್ಲಿ ಜಾಹೀರಾತು ಕಳಿಸುವವರು ಬಟ್ಟೆ, ಮರದ ಪದರ, ಬೀಜ ಹುದುಗಿಸಿದ ಕಾಗದ ಬಳಸುವುದೂ ಈ ಸ್ಪರ್ಶಕ್ಕಾಗಿಯೇ: ಲಕೋಟೆಯೊಳಗೆ ಏನೋ ಇದೆಯೆಂದು ಕೈಗೆ ಅನಿಸಿದರೆ ಒಡೆಯದೆ ಇರಲಾಗದು. ನಮ್ಮ ಮದುವೆ ಪತ್ರಿಕೆಯ ಮೂಲೆಗೆ ಹಚ್ಚುವ ಅರಿಶಿನವೂ ಹಾಗೆಯೇ, ಓದುವ ಮೊದಲೇ ಬೆರಳಿಗೆ ಹತ್ತಿ ಶುಭವಾರ್ತೆ ಹೇಳಿಬಿಡುತ್ತದೆ.